ಹೆಡ್ ಮೇಷ್ಟ್ರ ನಾಯಕತ್ವದ ಸವಾಲುಗಳನ್ನ ಸ್ಟಡಿ ಮಾಡೋದು ಹೇಗೆ: ಹಾಸನ, ಚಿಕ್ಕಮಗಳೂರು ಕಡೆಯೋರಿಗೆ ಸಮಗ್ರ ಮಾರ್ಗದರ್ಶಿ

ಎಂ.ಎಡ್ ಮಾಡ್ತಿರೋರು, ಪಿಎಚ್‌ಡಿಗೆ ಸೇರ್ಕೊಂಡಿರೋರು, ಡಯಟ್‌ನಲ್ಲಿ (ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ) ಕ್ರಿಯಾ ಸಂಶೋಧನೆಗೆ ಹೆಸ್ರು ಕೊಟ್ಟು ಸಿಕ್ಕಾಕೊಂಡಿರೋ ಮೇಷ್ಟ್ರುಗಳು, ಇವರಲ್ಲಿ ಒಬ್ರಲ್ಲ ಒಬ್ರು ಪ್ರತಿ ವರ್ಷ ಈ ಟಾಪಿಕ್ ಹಿಡ್ದೇ ಹಿಡೀತಾರೆ, "ಶಾಲಾ ಮುಖ್ಯಸ್ಥರು ಎದುರಿಸುತ್ತಿರುವ ನಾಯಕತ್ವದ ಸವಾಲುಗಳು: ಒಂದು ಅಧ್ಯಯನ". ನಾನೂ ಹಿಡ್ದಿದ್ದೆ. 60 ಪ್ರಶ್ನೆಯ ಫಾರಂ ಮಾಡಿ, ಹಾಸನದ ಬಸ್ ಸ್ಟ್ಯಾಂಡ್ ಪಕ್ಕ ಜೆರಾಕ್ಸ್ ಹೊಡಿಸಿ, ಬ್ಯಾಗ್ ತುಂಬ್ಕೊಂಡು ಸ್ಕೂಲು ಸ್ಕೂಲು ಸುತ್ತಿದೆ. ವಾಪಸ್ ಬಂದ ಫಾರಂ ನೋಡಿದ್ರೆ ಎಲ್ಲಾ ಕಡೆ "ಸಂಪೂರ್ಣ ಒಪ್ಪುತ್ತೇನೆ" ಅಂತ ರೈಟ್ ಮಾರ್ಕು. ನೀವು ಸಹಶಿಕ್ಷಕರನ್ನ ಪ್ರೇರೇಪಿಸುತ್ತೀರಾ ಅಂತ ಕೇಳಿದ್ರೆ ಯಾರ್ರೀ ಇಲ್ಲ ಅಂತಾರೆ?

ಬೇಲೂರು ತಾಲ್ಲೂಕಿನ ಒಂದು ಸ್ಕೂಲಲ್ಲಿ ಹೆಡ್ ಮೇಡಂ ಫಾರಂ ತುಂಬಿ ಕೊಡ್ಲಿ ಅಂತ ಬೆಂಚ್ ಮೇಲೆ ಎರಡು ಗಂಟೆ ಕಾದೆ. ಆ ಎರಡು ಗಂಟೇಲಿ ಗ್ಯಾಸ್ ಸಿಲಿಂಡರ್‌ನವನು ಬಂದ, ಮಧ್ಯಾಹ್ನ 12ರೊಳಗೆ ಮಾಹಿತಿ ಕಳಿಸಿ ಅಂತ ವಾಟ್ಸಾಪಲ್ಲಿ "ತುರ್ತು" ಮೆಸೇಜ್ ಬಂತು, ಒಬ್ಬ ಮೇಷ್ಟ್ರು ಓಓಡಿ (ಶಾಲೆ ಹೊರಗಿನ ಇಲಾಖೆ ಕೆಲಸಕ್ಕೆ) ಹೋಗಿದ್ರಿಂದ ನಾಲ್ಕು ಐದನೇ ಕ್ಲಾಸು ಒಂದೇ ರೂಮಲ್ಲಿ ಕೂತಿದ್ವು, ಅದರ ಮಧ್ಯೆ ಒಬ್ರು ತಾಯಿ ಮಗನ ಟಿಸಿ ಕೇಳ್ಕೊಂಡು ಬಂದ್ರು, ಕಾನ್ವೆಂಟ್‌ಗೆ ಹಾಕ್ತೀವಿ ಅಂತ. ಮೇಡಂ ಅವರ ಹತ್ರ ಇಪ್ಪತ್ತು ನಿಮಿಷ ಮಾತಾಡಿದ್ರು, ಹುಡುಗ ಉಳ್ಕೊಂಡ. ಆಮೇಲೆ ಗಡಿಬಿಡೀಲಿ ನನ್ನ ಫಾರಂ ತುಂಬಿ ಕೊಟ್ರು. "ಸಮುದಾಯದೊಂದಿಗೆ ಸಂವಹನ" ಅನ್ನೋ ಪ್ರಶ್ನೆ ಖಾಲಿ ಬಿಟ್ಟಿದ್ರು, ಟೈಮ್ ಇರ್ಲಿಲ್ಲ ಅಂತೆ. ನಾನು ಹುಡುಕ್ತಿದ್ದಿದ್ದು ಕಣ್ಣೆದುರೇ ನಡೀತು, ಫಾರಂನಲ್ಲಿ ಮಾತ್ರ ಬರ್ಲಿಲ್ಲ. ಹಾಗಾಗಿ ಈ ಗೈಡ್ ಪೂರ್ತಿ ಒಂದೇ ಮಾತಿನ ಮೇಲೆ ನಿಂತಿದೆ, ಸವಾಲು ಏನು ಅಂತ ಕೇಳೋ ಮುಂಚೆ ಅವರ ದಿನ ಹೇಗೆ ಕಳೀತು ಅಂತ ನೋಡಿ.

ಹೆಜ್ಜೆ 1: ಪ್ರಶ್ನೆ ಚಿಕ್ಕದು ಮಾಡ್ಕೊಳಿ

"ನಾಯಕತ್ವದ ಸವಾಲುಗಳು" ಅನ್ನೋದು ಪ್ರಶ್ನೆ ಅಲ್ಲ, ಗೋಣಿಚೀಲ, ಏನ್ ಬೇಕಾದ್ರೂ ತುಂಬಬೋದು. ಶೌಚಾಲಯ ಸೋರೋದು, ಅನುದಾನ ಲೇಟಾಗೋದು, ನೆಟ್‌ವರ್ಕ್ ಸಿಗದೇ ಇರೋದು ಇವೆಲ್ಲ ಕಷ್ಟಾನೇ, ಆದ್ರೆ ಬರೀ ಕಷ್ಟ. ಆ ಕಷ್ಟದಲ್ಲಿ ಬೇರೆಯವರನ್ನ ಜೊತೆಗೆ ಕರ್ಕೊಂಡು ಹೋಗ್ಬೇಕಾಗಿ ಬಂದಾಗ, ಅಥವಾ ಎರಡು ಸರಿಯಾದ ಕೆಲಸದಲ್ಲಿ ಒಂದನ್ನ ಬಿಡ್ಬೇಕಾದಾಗ ಅದು ನಾಯಕತ್ವದ ಸವಾಲಾಗುತ್ತೆ. ಉದಾಹರಣೆಗೆ ಮೊಟ್ಟೆ ತಗೊಳಿ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಸಹಾಯದಿಂದ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡೋ ವ್ಯವಸ್ಥೆ ಬಂತು. ಒಂದು ಮೊಟ್ಟೆಗೆ ಆಗ ಕೊಡ್ತಿದ್ದಿದ್ದು 6 ರೂಪಾಯಿ, ತರೋದು, ಬೇಯಿಸೋದು, ಸುಲಿಯೋದು ಎಲ್ಲಾ ಅದರಲ್ಲೇ. ರೇಟ್ ಏರಿದಾಗ ಕೈಯಿಂದ ಹಾಕೋದು ಹಣದ ಕಷ್ಟ. ಅದೇ ದುಡ್ಡಿನ ವಿಷ್ಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮುಂದೆ ಹೆಂಗೆ ಇಡೋದು, ಮೊಟ್ಟೆ ತಿನ್ನದ ಮನೆಯವರ ಜೊತೆ ಹೆಂಗೆ ಮಾತಾಡೋದು, ಸುಲಿಯೋಕೆ ಆಗಲ್ಲ ಅನ್ನೋ ಅಡುಗೆಯವರನ್ನ ಹೆಂಗೆ ಒಪ್ಸೋದು, ಇದು ನಿಮ್ಮ ಸ್ಟಡಿ.

ಪ್ರಶ್ನೇಲಿ ಮೂರು ವಿಷ್ಯ ಇರ್ಲಿ: ಯಾವ ಥರದ ಮುಖ್ಯಸ್ಥರು, ಯಾವ ಊರ ಕಡೆ, ಯಾವ ಕೆಲಸ. "ಸಕಲೇಶಪುರ ತಾಲ್ಲೂಕಿನ ಕಾಫಿ ತೋಟಗಳ ಆಸುಪಾಸಿನ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಪ್ರಭಾರ ಮುಖ್ಯ ಶಿಕ್ಷಕರು ಪಾಠ ಮತ್ತು ಆಡಳಿತದ ನಡುವೆ ಟೈಮ್ ಹೆಂಗೆ ಹಂಚ್ತಾರೆ?" ಇಷ್ಟು ಕಿರಿದಾದ್ರೆ ಒಂದು ವರ್ಷದಲ್ಲಿ ಮುಗಿಯುತ್ತೆ. ಪ್ರಭಾರ ಅನ್ನೋ ಪದ ಬಿಡ್ಬೇಡಿ ದಯವಿಟ್ಟು. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಪಟ್ಟಿ ಪ್ರಕಾರ ಪ್ರತ್ಯೇಕ ಮುಖ್ಯ ಶಿಕ್ಷಕರು ಬೇಕಾಗೋದು ಒಂದರಿಂದ ಐದನೇ ಕ್ಲಾಸಿನ ಶಾಲೇಲಿ ಮಕ್ಕಳು 150 ದಾಟಿದಾಗ, ಆರರಿಂದ ಎಂಟನೇ ಕ್ಲಾಸಿನ ಹಂತದಲ್ಲಿ 100 ದಾಟಿದಾಗ. ನಮ್ಮ ಮಲೆನಾಡಲ್ಲಿ ಆ ಸಂಖ್ಯೆ ಮುಟ್ಟೋ ಶಾಲೆ ಎಷ್ಟಿವೆ ಹೇಳಿ? ಸೀನಿಯರ್ ಆಗಿದ್ದೇ ತಪ್ಪಾಯ್ತು ಅಂತ ಚಾರ್ಜ್ ಹೊತ್ಕೊಂಡು, ಕ್ಲಾಸೂ ತಗೊಂಡು, ಜೊತೆಗಿರೋ ಮೇಷ್ಟ್ರಿಗೆ ಆರ್ಡರ್ ಮಾಡೋಕೆ ಅಧಿಕಾರಾನೂ ಇಲ್ದೆ ಇರೋರು ತುಂಬಾ ಜನ ಇದ್ದಾರೆ, ಅವರನ್ನ ಬಡ್ತಿ ಪಡೆದು ಬಂದ ಎಚ್‌ಎಂ (ಹೆಡ್ ಮೇಷ್ಟ್ರು) ಜೊತೆ ಒಂದೇ ಸಾಲಲ್ಲಿ ಕೂರ್ಸಿದ್ರೆ ಲೆಕ್ಕ ತಪ್ಪುತ್ತೆ.

ಹೆಜ್ಜೆ 2: ಯಾವ ಶಾಲೆ, ಎಷ್ಟು ಶಾಲೆ

ಎರಡು ಜಿಲ್ಲೆಗೂ ಎರಡು ಮುಖ. ಹಾಸನದಲ್ಲಿ ಅರಸೀಕೆರೆ ಬಯಲು, ಸಕಲೇಶಪುರ ಮಲೆನಾಡು. ಚಿಕ್ಕಮಗಳೂರಲ್ಲಿ ಕಡೂರು ಬಯಲು, ಮೂಡಿಗೆರೆ ಕೊಪ್ಪ ಶೃಂಗೇರಿ ಮಲೆನಾಡು. ಅರಸೀಕೆರೆ ಎಚ್‌ಎಂಗೆ ಬೇಸಿಗೇಲಿ ಕುಡಿಯೋ ನೀರು ಚಿಂತೆ ಆದ್ರೆ, ಮೂಡಿಗೆರೆಯವರಿಗೆ ಜುಲೈನಲ್ಲಿ ಮಳೆ ರಜೆ ಕೊಟ್ಟಿದ್ದನ್ನ ಶನಿವಾರ ಮಧ್ಯಾಹ್ನ ಪಾಠ ಮಾಡಿ ಹೊಂದಿಸೋ ಚಿಂತೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಬಂದಿದೆ ಅಂತ ಬೆಳಿಗ್ಗೆ ಏಳಕ್ಕೆ ಫೋನ್ ಬರುತ್ತೆ, ಮಕ್ಕಳನ್ನ ಕಳಿಸ್ಬೇಡಿ ಅನ್ಬೇಕೋ ಬೇಡ್ವೋ ಅಂತ ಆ ಕ್ಷಣದಲ್ಲಿ ನಿರ್ಧಾರ ಮಾಡ್ಬೇಕು, ಮೇಲಿನ ಆರ್ಡರ್ ಬರೋವರೆಗೂ ಕಾಯೋಕಾಗಲ್ಲ. ಯಾವ ಸಿದ್ಧ ಪ್ರಶ್ನಾವಳೀಲೂ ಇದು ಇರಲ್ಲ.

ಆರೇಳು ಶಾಲೆ ಸಾಕು, ಆದ್ರೆ ಒಂದಕ್ಕೊಂದು ಬೇರೆ ಥರ ಇರ್ಬೇಕು. ಒಂದು ತೋಟದ ಪಕ್ಕದ ಚಿಕ್ಕ ಶಾಲೆ, ಒಂದು ಬಯಲುಸೀಮೆಯ ಹಿರಿಯ ಪ್ರಾಥಮಿಕ, ಒಂದು ಸರ್ಕಾರಿ ಪ್ರೌಢಶಾಲೆ, ಒಂದು ಕೆಪಿಎಸ್ (ಕರ್ನಾಟಕ ಪಬ್ಲಿಕ್ ಸ್ಕೂಲ್), ಒಂದು ಅನುದಾನಿತ, ಒಂದು ಖಾಸಗಿ. ಖಾಸಗಿ ಶಾಲೆ ಪ್ರಿನ್ಸಿಪಾಲರನ್ನ ಬಿಡ್ಬೇಡಿ, ಅವರಿಗೆ ಬಿಇಓಗಿಂತ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಮ್ಯಾನೇಜ್‌ಮೆಂಟ್ ಭಯ ಜಾಸ್ತಿ, ಅಡ್ಮಿಷನ್ ಕಮ್ಮಿ ಆದ್ರೆ ಕುರ್ಚಿ ಅಲ್ಲಾಡುತ್ತೆ. ನೂರಾರು ಶಾಲೆ ಸರ್ವೆ ಮಾಡ್ಬೇಕು ಅಂತ ನಿಮ್ಮ ಸಂಶೋಧನೆಯ ಗೈಡ್ ಹಠ ಹಿಡಿದ್ರೆ ಮಾಡಿ, ಆದ್ರೆ ಮೊದ್ಲು ಈ ಆರೇಳು ಮುಗ್ಸಿ, ಅಲ್ಲಿ ಸಿಕ್ಕಿದ್ರಿಂದ ಪ್ರಶ್ನೆ ತಯಾರಿಸಿ.

ಹೆಜ್ಜೆ 3: ಮನೇಲಿ ಕೂತು ಮಾಡೋ ಹೋಮ್‌ವರ್ಕ್

ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಕೋಡ್ ಇರುತ್ತೆ, ನಮ್ಮ ರಾಜ್ಯದ್ದು 29ರಿಂದ ಶುರು. ಯುಡೈಸ್ ಪ್ಲಸ್ (ದೇಶದ ಶಾಲೆಗಳ ಮಾಹಿತಿ ಇರೋ ಸರ್ಕಾರಿ ವೆಬ್‌ಸೈಟ್) ತೆರೆದು ಆ ಶಾಲೆ ರಿಪೋರ್ಟ್ ಕಾರ್ಡ್ ತೆಗೆದು ಹಿಂದಿನ ನಾಲ್ಕೈದು ವರ್ಷದ ದಾಖಲಾತಿ, ಶಿಕ್ಷಕರ ಸಂಖ್ಯೆ, ಕೊಠಡಿ ಲೆಕ್ಕ ಒಂದು ಹಾಳೇಲಿ ಬರ್ಕೊಳಿ. ನಿಮ್ಮ ಶಾಲೇಲಿ ಎಷ್ಟು ಮಕ್ಕಳಿದ್ದಾರೆ ಅಂತ ಎಚ್‌ಎಂನ ಹೋಗಿ ಕೇಳೋದು ಅವರಿಗೆ ಅವಮಾನ, ಅವರು ಆ ಅಂಕಿಯನ್ನ ವರ್ಷದಲ್ಲಿ ಎಷ್ಟು ಸಲ ತುಂಬಿರ್ತಾರೋ ದೇವ್ರಿಗೇ ಗೊತ್ತು. ಇಲಾಖೇಲಿರೋ, ಆದ್ರೆ ಎಲ್ಲೂ ಸಿಗದ ಮಾಹಿತಿ ಬೇಕಿದ್ರೆ 2005ರ ಮಾಹಿತಿ ಹಕ್ಕು ಕಾಯ್ದೇಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡ್ಬೇಕು, ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷ್ಯ, 150 ಪದದೊಳಗೆ. ಆದ್ರೆ ನೀವು ಸ್ಟಡಿ ಮಾಡೋ ಶಾಲೆ ಮೇಲೇನೇ ಅರ್ಜಿ ಹಾಕ್ಬೇಡಿ ಮಾರಾಯ್ರೇ, ಆಮೇಲೆ ಅಲ್ಲಿ ಟೀ ಸಿಗಲ್ಲ.

ಹಳೇ ಓದು ಸ್ವಲ್ಪ ಬೇಕು. ಫಿಲಿಪ್ ಹ್ಯಾಲಿಂಜರ್ ಅನ್ನೋ ಸಂಶೋಧಕ 1980ರ ದಶಕದಲ್ಲಿ ರೂಪಿಸಿದ ಅಳತೆಪಟ್ಟಿ ಇದೆ, 50 ಹೇಳಿಕೆ, 10 ಭಾಗ, ಮುಖ್ಯಸ್ಥರು ಪಾಠ ಕಲಿಕೆ ಕಡೆ ಎಷ್ಟು ಗಮನ ಕೊಡ್ತಾರೆ ಅಂತ ಅಳೆಯೋದು. ಅದನ್ನ ಕನ್ನಡಕ್ಕೆ ತಂದು ಹಾಗೇ ಬಳಸಿದ್ರೆ ನನ್ನ ಥರ ರೈಟ್ ಮಾರ್ಕ್ ಸುಗ್ಗಿ ಆಗುತ್ತೆ, ಆದ್ರೆ ಆ 10 ಭಾಗ ನೋಡ್ಕೊಂಡ್ರೆ ಏನೇನು ಗಮನಿಸ್ಬೇಕು ಅನ್ನೋದಕ್ಕೆ ಒಳ್ಳೇ ಪಟ್ಟಿ. ನಂಗೆ ಇಷ್ಟ ಆಗಿದ್ದು ಹ್ಯಾರಿ ವುಲ್ಕಾಟ್ ಅನ್ನೋ ಮಾನವಶಾಸ್ತ್ರದವನ ಕೆಲಸ, 1960ರ ದಶಕದಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಒಬ್ಬನೇ ಒಬ್ಬ ಪ್ರೈಮರಿ ಸ್ಕೂಲ್ ಪ್ರಿನ್ಸಿಪಾಲ್ ಹಿಂದೆ ಎರಡು ವರ್ಷ ನೆರಳಿನ ಥರ ತಿರುಗಿದ್ದ. ನಮಗೆ ಎರಡು ವರ್ಷ ಬೇಡ, ಒಬ್ಬೊಬ್ರ ಜೊತೆ ಮೂರು ದಿನ ಸಾಕು.

ಹೆಜ್ಜೆ 4: ಅನುಮತಿ ಮತ್ತು ಟೈಮಿಂಗು

ಕಾಲೇಜಿನ ಲೆಟರ್ ತಗೊಂಡು ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಆಫೀಸಲ್ಲಿ ಕೊಟ್ಟು ಇನ್‌ವರ್ಡ್ ಸೀಲ್ ಹಾಕಿಸ್ಕೊಳಿ, ಅನುಮತಿ ಪತ್ರ ಬಂದ್ಮೇಲೆ ಅದರ ಪ್ರತಿ ಬಿಇಓ ಆಫೀಸಿಗೆ, ಆಮೇಲೆ ಸಿಆರ್‌ಪಿಗೆ (ಸುತ್ತಲ ಶಾಲೆಗಳನ್ನ ನೋಡ್ಕೊಳೋ ಸಂಪನ್ಮೂಲ ವ್ಯಕ್ತಿ) ಒಂದು ಫೋನು. ಇಲ್ಲೊಂದು ಸೂಕ್ಷ್ಮ. ಸಿಆರ್‌ಪಿ ಒಳ್ಳೆಯವರು ಅಂತ ಅವರ ಬೈಕಲ್ಲೇ ಹೋಗಿ ಶಾಲೆ ಮುಂದೆ ಇಳಿದ್ರೆ ಮುಗೀತು, ನೀವು ಇಲಾಖೆ ಕಡೆಯವರು ಅಂತ ಮುದ್ರೆ ಬೀಳುತ್ತೆ, ಸಂದರ್ಶಕರ ಪುಸ್ತಕ ತಂದು ಮುಂದಿಡ್ತಾರೆ, ಮಕ್ಕಳೆಲ್ಲ ಎದ್ದು ನಮಸ್ತೆ ಹೇಳ್ತಾರೆ. ಬಸ್ಸಲ್ಲಿ ಹೋಗಿ, ಒಂದು ಕಿಲೋಮೀಟರ್ ನಡೀರಿ, ಬೆವತು ಹೋಗಿ ನೀರು ಕೇಳಿ.

ಜೂನ್ ದಾಖಲಾತಿ ಗಲಾಟೆ, ಜುಲೈ ಮಳೆ, ಫೆಬ್ರವರಿ ಮಾರ್ಚ್ ಎಸ್‌ಎಸ್‌ಎಲ್‌ಸಿ. ದೀಪಾವಳಿ ಕಳೆದ ಮೇಲಿಂದ ಸಂಕ್ರಾಂತಿವರೆಗೆ ಇದ್ದಿದ್ರಲ್ಲಿ ಒಳ್ಳೆ ಟೈಮು. ಆದ್ರೆ ಕಾಫಿ ಕೊಯ್ಲೂ ಆವಾಗ್ಲೇ, ತೋಟದ ಶಾಲೇಲಿ ಹಾಜರಿ ಏರುಪೇರಾಗೋದು ನೋಡ್ಬೇಕಂದ್ರೆ ಅದೇ ಸರಿಯಾದ ಸೀಸನ್. ಅಸ್ಸಾಂ ಕಡೆಯಿಂದ ಬಂದ ಕುಟುಂಬದ ಮಕ್ಕಳು, ಟಿಸಿ ಇಲ್ಲ, ಕನ್ನಡ ಬರಲ್ಲ, ನಾಲ್ಕು ತಿಂಗಳಿಗೆ ಹೊರಟೋಗ್ತಾರೆ. ಆರ್‌ಟಿಇ ಕಾಯ್ದೆ ಪ್ರಕಾರ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸ್ಕೊಬೇಕು, ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸೋ ಹಂಗಿಲ್ಲ. ಆ ಮಗುಗೆ ಎಚ್‌ಎಂ ಏನ್ ಮಾಡ್ತಾರೆ ಅನ್ನೋದೇ ಒಂದು ಅಧ್ಯಾಯ ಆಗುತ್ತೆ.

ಹೆಜ್ಜೆ 5: ಪಕ್ಕದಲ್ಲಿ ಕೂತು ದಿನ ಬರೆಯೋದು

ಮುಖ್ಯ ಕೆಲಸ ಇದು. ಒಂದು ನೋಟ್‌ಬುಕ್ಕಲ್ಲಿ ನಾಲ್ಕು ಕಾಲಂ ಹಾಕಿ: ಟೈಮು, ಏನಾಯ್ತು, ಯಾರ ಜೊತೆ, ಯಾರು ಶುರು ಮಾಡಿದ್ದು. ಕೊನೇ ಕಾಲಂ ಮರೀಬೇಡಿ. ಎಚ್‌ಎಂ ತಾವಾಗೇ ಎದ್ದು ಹೋಗಿ ಮಾಡಿದ ಕೆಲಸ ಯಾವುದು, ಬೇರೆಯವರು ಬಂದು ಎಬ್ಬಿಸಿದ್ದು ಯಾವುದು ಅಂತ ಸಂಜೆ ಲೆಕ್ಕ ಹಾಕಿದ್ರೆ ಇಡೀ ಸ್ಟಡೀಲಿ ಅದಕ್ಕಿಂತ ಮಾತಾಡೋ ಅಂಕಿ ಇನ್ನೊಂದು ಸಿಗಲ್ಲ. ನಾನು ನೋಡಿದ ಒಂದು ಪುಟ ಹೀಗಿತ್ತು: 9.50 ಪ್ರಾರ್ಥನೆ, 10.05 ಹಾಜರಿ ಮೊಬೈಲಲ್ಲಿ ಹಾಕೋಕೆ ಮಾವಿನ ಮರದ ಹತ್ರ ಹೋಗಿದ್ದು (ಅಲ್ಲಿ ಮಾತ್ರ ಸಿಗ್ನಲ್ಲು), 10.20 ಮೂರನೇ ಕ್ಲಾಸಿಗೆ ಪಾಠ ಶುರು, 10.32 ಅಡುಗೆಯವರು ಕರೆದಿದ್ದು, 10.40 ವಾಪಸ್ ಪಾಠ, 10.47 ಫೋನು. ಒಂದು ಪಾಠ ಮೂರು ತುಂಡು. ಪಾಠ ಮಾಡೋಕೆ ಟೈಮ್ ಸಿಗಲ್ಲ ಅಂತ ಎಚ್‌ಎಂ ಹೇಳಿದ್ರೆ ಅದು ದೂರು, ಈ ಪುಟ ಸಾಕ್ಷಿ.

ಅಭಿಪ್ರಾಯ ಬರೀಬೇಡಿ, ನಡೆದಿದ್ದು ಬರೀರಿ. "ಎಚ್‌ಎಂ ಕೋಪದಲ್ಲಿ ಮಾತಾಡಿದ್ರು" ಅಲ್ಲ, "ನೋಡಿ ಸಾರ್, ನಾನೂ ನಿಮ್ಮ ಥರ ಮೇಷ್ಟ್ರೇ ಅಂದು ಪೆನ್ನು ಟೇಬಲ್ ಮೇಲಿಟ್ರು" ಅಂತ. ಮೊದಲ ದಿನ ಎಲ್ಲ ನಾಟಕ ಇರುತ್ತೆ, ಶರ್ಟ್ ಇಸ್ತ್ರಿ ಇರುತ್ತೆ. ಮೂರನೇ ದಿನ ನಿಮ್ಮನ್ನ ಮರೀತಾರೆ, ಆ ದಿನದ ನೋಟ್ಸೇ ನೋಟ್ಸು.

ಹೆಜ್ಜೆ 6: ರಿಜಿಸ್ಟರ್ ಓದೋದು

ಚಲನವಲನ ವಹಿ ಕೇಳಿ ನೋಡಿ. ಯಾರು ಎಷ್ಟು ದಿನ ಯಾವ ಮೀಟಿಂಗಿಗೆ, ಯಾವ ತರಬೇತಿಗೆ, ಯಾವ ಸಮೀಕ್ಷೆಗೆ ಹೋಗಿದ್ರು ಅಂತ ಅದ್ರಲ್ಲೇ ಇರುತ್ತೆ. ಆರ್‌ಟಿಇ ಕಾಯ್ದೆ 27ನೇ ಸೆಕ್ಷನ್ ಪ್ರಕಾರ ಹತ್ತು ವರ್ಷಕ್ಕೊಮ್ಮೆ ಬರೋ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನ ಹಾಕೋ ಹಂಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ನಡೆದಾಗ ಮನೆಮನೆಗೆ ಹೋದೋರು ಮೇಷ್ಟ್ರುಗಳೇ, ಅದಕ್ಕೇ ದಸರಾ ರಜೇನ ಅಕ್ಟೋಬರ್ 18ರವರೆಗೆ ಎಳೆದ್ರು. ಆ ವಾರಗಳ ಪಾಠ ಆಮೇಲೆ ಹೆಂಗೆ ಹೊಂದಿಸಿದ್ರು ಅನ್ನೋದನ್ನ ಪಾಠ ಯೋಜನೆ ಪುಸ್ತಕ ನೋಡಿ ತಿಳ್ಕೊಳಿ.

ಎಸ್‌ಡಿಎಂಸಿ ನಡಾವಳಿ ಪುಸ್ತಕ ಇನ್ನೂ ಸ್ವಾರಸ್ಯ. 2001ರಿಂದ ನಮ್ಮಲ್ಲಿ ಈ ಸಮಿತಿ ಇದೆ, ಆರ್‌ಟಿಇ ಬಂದ್ಮೇಲೆ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧ ಹೆಣ್ಮಕ್ಕಳು ಇರ್ಬೇಕು ಅಂತ ಕಾಯ್ದೇಲೇ ಇದೆ. ಪುಸ್ತಕದಲ್ಲಿ ಸಹಿ ಎಲ್ಲಾ ಒಂದೇ ಪೆನ್ನಲ್ಲಿ ಇದ್ಯಾ, ಮೀಟಿಂಗ್ ಎಷ್ಟು ಗಂಟೆಗೆ ಕರೀತಾರೆ (ಕೂಲಿಗೆ ಹೋಗೋ ತಾಯಿ ಬೆಳಿಗ್ಗೆ 11ಕ್ಕೆ ಬರೋಕಾಗುತ್ತಾ?), ಚರ್ಚೆ ಆಗಿ ಬೇಡ ಅಂತ ಬಿಟ್ಟ ವಿಷ್ಯ ಒಂದಾದ್ರೂ ಇದ್ಯಾ ನೋಡಿ. ಎಲ್ಲದಕ್ಕೂ "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಇದ್ರೆ ಊರಲ್ಲಿ ಬಣ ಇಲ್ಲ ಅಂತಲ್ಲ, ಜಗಳ ಬೇರೆ ಕಡೆ ನಡೀತಿದೆ ಅಂತ.

ಹೆಜ್ಜೆ 7: ಮಾತಾಡ್ಸೋದು

ಈಗ ಸಂದರ್ಶನ. ಜಾನ್ ಫ್ಲಾನಗನ್ ಅನ್ನೋ ಮನಶ್ಶಾಸ್ತ್ರಜ್ಞ 1954ರಲ್ಲಿ ಒಂದು ವಿಧಾನ ಬರೆದಿಟ್ಟಿದ್ದಾನೆ, ಎರಡನೇ ಮಹಾಯುದ್ಧದ ಟೈಮಲ್ಲಿ ವಿಮಾನ ಹಾರಿಸೋರ ಜೊತೆ ಮಾಡಿದ ಕೆಲಸದಿಂದ ಹುಟ್ಟಿದ್ದು. ಸಾರಾಂಶ ಇಷ್ಟೇ, ಅಭಿಪ್ರಾಯ ಕೇಳ್ಬೇಡ, ನಡೆದ ಒಂದು ಘಟನೆ ಪೂರ್ತಿ ಹೇಳ್ಸು. ನಾನು ಬಳಸೋ ಪ್ರಶ್ನೆಗಳು:

"ಈ ವರ್ಷ ಮನೆಗೆ ಹೋದ್ಮೇಲೂ ತಲೇಲಿ ಓಡ್ತಾನೇ ಇದ್ದ ದಿನ ಯಾವ್ದು ಮೇಡಂ? ಅವತ್ತು ಬೆಳಿಗ್ಗೆಯಿಂದ ಹೇಳಿ."
"ಜೊತೆಯ ಮೇಷ್ಟ್ರಿಗೆ ಏನೋ ಹೇಳ್ಬೇಕು ಅಂತ ಹೋಗಿ ಹೇಳ್ದೇ ವಾಪಸ್ ಬಂದಿದ್ದು ಇದ್ಯಾ?"
"ಮೇಲಿಂದ ಬಂದ ಆರ್ಡರ್‌ನ ನಿಮ್ಮ ಶಾಲೆಗೆ ತಕ್ಕಂಗೆ ಸ್ವಲ್ಪ ಬದಲಾಯಿಸ್ಕೊಂಡಿದ್ದು?"
"ಚಾರ್ಜ್ ತಗೊಂಡ ಮೊದಲ ವಾರ ಯಾರು ಏನ್ ಹೇಳ್ಕೊಟ್ರು?"

ಕೊನೇ ಪ್ರಶ್ನೆಗೆ ಬಹಳ ಜನ ನಗ್ತಾರೆ, ಹೇಳ್ಕೊಡೋದಾ ಅಂತ. ಶಾಲಾ ನಾಯಕತ್ವದ ತರಬೇತಿಗೆ ಅಂತಾನೇ ಧಾರವಾಡದಲ್ಲಿ ಸಿಸ್ಲೆಪ್ ಇದೆ, ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) 2020 ಮುಖ್ಯಸ್ಥರಿಗೂ ವರ್ಷಕ್ಕೆ 50 ಗಂಟೆ ವೃತ್ತಿ ತರಬೇತಿ ಬೇಕು ಅನ್ನುತ್ತೆ. ಆದ್ರೆ ಕ್ಯಾಶ್ ಬುಕ್ ಬರೆಯೋದನ್ನ ಪಕ್ಕದೂರಿನ ಎಚ್‌ಎಂ ಭಾನುವಾರ ಮನೇಲಿ ಕೂರ್ಸಿ ಹೇಳ್ಕೊಟ್ರು ಅನ್ನೋ ಥರದ ಮಾತು ಬಂದ್ರೆ ಅದನ್ನ ಅಕ್ಷರ ಬಿಡ್ದೆ ಬರ್ಕೊಳಿ.

ಪ್ರೌಢಶಾಲೆಯವರ ಹತ್ರ ರಿಸಲ್ಟ್ ಮಾತು ತೆಗೀಲೇಬೇಕು. 2019ರಲ್ಲಿ ಹಾಸನ ಎಸ್‌ಎಸ್‌ಎಲ್‌ಸೀಲಿ ರಾಜ್ಯಕ್ಕೇ ಮೊದಲು ಬಂತು, 89.33 ಪರ್ಸೆಂಟು. ಒಂದ್ಸಲ ಮೊದಲು ಬಂದ ಜಿಲ್ಲೆಯ ಎಚ್‌ಎಂಗೆ ಆಮೇಲೆ ಪ್ರತಿ ಮೀಟಿಂಗಲ್ಲೂ ಅದೇ ಅಳತೆಗೋಲು. 2024ರಲ್ಲಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಕಣ್ಗಾವಲು) ತಂದ್ರು, ರಾಜ್ಯದ ರಿಸಲ್ಟ್ 83.89ರಿಂದ 73.40ಕ್ಕೆ ಇಳೀತು. ನೋಟಿಸ್ ಭಯದಲ್ಲಿ ಕಲಿಕೇಲಿ ಹಿಂದಿರೋ ಮಕ್ಕಳಿಗೆ ಬೆಳಿಗ್ಗೆ ಎಂಟಕ್ಕೇ ಸ್ಪೆಷಲ್ ಕ್ಲಾಸ್ ಇಟ್ರಾ, ಆ ಕ್ಲಾಸಿಗೆ ಮೇಷ್ಟ್ರುಗಳನ್ನ ಹೆಂಗೆ ಒಪ್ಪಿಸಿದ್ರು, ಬಸ್ ಇಲ್ಲದ ಹೆಣ್ಮಕ್ಕಳು ಏನ್ ಮಾಡಿದ್ರು, ಕೇಳಿ.

ಎಚ್‌ಎಂ ರೂಮಲ್ಲಿ ಸಂದರ್ಶನ ಬೇಡ, ಹಾಜರಿ ಪುಸ್ತಕ ಅಲ್ಲಿರುತ್ತೆ, ಎಲ್ರೂ ಸಹಿ ಹಾಕೋಕೆ ಬರ್ತಾರೆ. ಮಧ್ಯಾಹ್ನ ಊಟ ಆದ್ಮೇಲೆ ಮರದ ಕೆಳಗೆ, ಇಲ್ಲಾಂದ್ರೆ ಶನಿವಾರ ಶಾಲೆ ಬಿಟ್ಮೇಲೆ. ರೆಕಾರ್ಡ್ ಮಾಡೋಕೆ ಮುಂಚೆ ಕೇಳಿ. ಫೋನ್ ಆಫ್ ಮಾಡಿ ಅಂದ್ಮೇಲೆ ಹೇಳಿದ್ದನ್ನ ಬರೀಬೇಕಿದ್ರೆ ಮತ್ತೊಮ್ಮೆ ಕೇಳಿ. ಇನ್ನೊಂದು ಮುಖ್ಯ ವಿಷ್ಯ, ಮಾತಿನ ಮಧ್ಯೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ರೆ ಗೌಪ್ಯತೆ ಮಾತು ಅಲ್ಲಿಗೆ ಮುಗೀತು. 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದವರೆಲ್ಲರೂ ತಿಳಿಸ್ಲೇಬೇಕು, ನೀವೂ ಅದ್ರಲ್ಲಿ ಸೇರ್ತೀರಿ. ಇದನ್ನ ಒಪ್ಪಿಗೆ ಪತ್ರದಲ್ಲೇ ಮೊದಲೇ ಬರೆದಿಡಿ.

ಹೆಜ್ಜೆ 8: ಬೇರೆಯವರ ಹತ್ರಾನೂ ಕೂತ್ಕೊಳಿ

ಅಡುಗೆಯವರು, ಎಸ್‌ಡಿಎಂಸಿ ಅಧ್ಯಕ್ಷರು, ಅತಿಥಿ ಶಿಕ್ಷಕರು, ಎಸ್‌ಎಸ್‌ಎಲ್‌ಸಿ ಹುಡುಗ್ರು. ಅತಿಥಿ ಶಿಕ್ಷಕರಿಗೆ ಮುಂದಿನ ವರ್ಷ ಕೆಲಸ ಇರುತ್ತೋ ಇಲ್ವೋ ಗೊತ್ತಿರಲ್ಲ, ಎಚ್‌ಎಂ ಬಗ್ಗೆ ಒಳ್ಳೇದನ್ನೇ ಹೇಳ್ತಾರೆ. ಅವರ ಹತ್ರ ಎಚ್‌ಎಂ ಹೆಂಗೆ ಅಂತ ಕೇಳದೆ, ಟೈಮ್‌ಟೇಬಲ್ ಯಾರು ಹಾಕಿದ್ದು, ನಿಮಗೆ ಯಾವ ಪೀರಿಯಡ್ ಕೊಟ್ರು ಅಂತ ಕೇಳಿ ಸಾಕು. ಅಡುಗೆಯವರಿಗೆ ಶಾಲೇಲಿ ನಡೆಯೋದೆಲ್ಲ ಗೊತ್ತು, ಅವರ ಜೊತೆ ಸೊಪ್ಪು ಬಿಡಿಸ್ತಾ ಕೂತ್ರೆ ನನ್ನ ಅರವತ್ತು ಪ್ರಶ್ನೆಗೆ ಸಿಗದ್ದು ಸಿಗುತ್ತೆ.

ಹೆಜ್ಜೆ 9: ಸಿಕ್ಕಿದ್ದನ್ನ ಬಿಡಿಸೋದು

ರೆಕಾರ್ಡ್ ಮಾಡಿದ್ದನ್ನ ಅವರ ಭಾಷೇಲೇ ಬರೀರಿ, ಗ್ರಾಂಥಿಕ ಮಾಡ್ಬೇಡಿ. "ಹೇಳುದ್ರೆ ಬೇಜಾರ್ ಮಾಡ್ಕತರೆ, ಒಂದೇ ಊರೋರು" ಅನ್ನೋದನ್ನ "ಅಂತರ್‌ವ್ಯಕ್ತೀಯ ಸಂಘರ್ಷ" ಅಂತ ಬರೆದ್ರೆ ಊರು ಅನ್ನೋದೇ ಮಾಯ ಆಗ್ಬಿಡುತ್ತೆ, ಅಲ್ಲಿರೋ ಕಷ್ಟಾನೇ ಆ "ಒಂದೇ ಊರು". ಒಂದೊಂದು ತುಣುಕಿಗೂ ಪಕ್ಕದಲ್ಲಿ ಚಿಕ್ಕ ಹೆಸ್ರು ಕೊಡಿ, ಅವರದೇ ಪದದಲ್ಲಿ. ಒಂದೇ ಥರದ ಹೆಸ್ರುಗಳನ್ನ ಗುಂಪು ಮಾಡಿ, ಆಮೇಲೆ ಹೆಜ್ಜೆ 5ರ ಟೈಮ್ ಪುಟದ ಪಕ್ಕ ಇಟ್ಟು ನೋಡಿ. ಮಾತಲ್ಲಿ ಬಹಳ ಬಂದಿದ್ದು ಪುಟದಲ್ಲಿ ಇಲ್ಲದೇ ಇರ್ಬೋದು. ನನಗೆ ಹಾಗೇ ಆಯ್ತು, ಎಲ್ರೂ ಆನ್‌ಲೈನ್ ಎಂಟ್ರಿ ಬಗ್ಗೆ ಬೈದ್ರು, ಆದ್ರೆ ಟೈಮ್ ಲೆಕ್ಕದಲ್ಲಿ ಜಾಸ್ತಿ ತಿಂದಿದ್ದು ಬಿಸಿಯೂಟ. ಊಟದ ಬಗ್ಗೆ ಯಾರೂ ಬೈಯಲ್ಲ, ಮಕ್ಕಳ ಅನ್ನ ನೋಡಿ.

ಸರ್ವೆ ಮಾಡೋರು ಈ ಗುಂಪುಗಳಿಂದ ಹದಿನೈದು ಇಪ್ಪತ್ತು ಪ್ರಶ್ನೆ ಮಾಡಿ, "ಒಪ್ಪುತ್ತೇನೆ" ಥರದ್ದು ಬಿಟ್ಟು "ಕಳೆದ ವಾರ ಎಷ್ಟು ಸಲ" ಅಂತ ಕೇಳಿ. ಹತ್ತು ಜನಕ್ಕೆ ಮೊದ್ಲು ಕೊಟ್ಟು ನೋಡಿ, ಅರ್ಥ ಆಗದ್ದನ್ನ ತೆಗೀರಿ.

ಹೆಜ್ಜೆ 10: ಹೆಸ್ರು ಮುಚ್ಚೋದು, ವಾಪಸ್ ಹೋಗೋದು

ಹೆಸ್ರು ತೆಗೆದ್ರೆ ಸಾಕು ಅನ್ಕೋಬೇಡಿ. "ಕಳಸ ತಾಲ್ಲೂಕಿನ ಪ್ರೌಢಶಾಲೆಯ ಮಹಿಳಾ ಮುಖ್ಯಸ್ಥೆ, 26 ವರ್ಷ ಸರ್ವಿಸ್" ಅಂತ ಬರೆದ್ರೆ ಇಡೀ ತಾಲ್ಲೂಕಿಗೆ ಗೊತ್ತಾಗುತ್ತೆ ಯಾರು ಅಂತ. ತಾಲ್ಲೂಕು ಬಿಟ್ಟು ಮಲೆನಾಡು ಅನ್ನಿ, ವರ್ಷ ಬಿಟ್ಟು 20ಕ್ಕಿಂತ ಜಾಸ್ತಿ ಅನ್ನಿ. ಆನೆ ಬಂದ ದಿನಾಂಕ ಹಾಕ್ಬೇಡಿ, ಪೇಪರಲ್ಲಿ ಬಂದಿರುತ್ತೆ.

ಕರಡು ಆದ್ಮೇಲೆ ಅವರವರ ಭಾಗ ಪ್ರಿಂಟ್ ತೆಗೆದು ಅದೇ ಬಸ್ಸಲ್ಲಿ ಮತ್ತೆ ಹೋಗಿ, ಓದಿ ಹೇಳಿ, ಇದು ಬೇಡ ಅಂದಿದ್ದನ್ನ ತೆಗೀರಿ. ಬೇಲೂರು ಕಡೆಯ ಮೇಡಂಗೆ ನಾನು ಆ ಟಿಸಿ ಘಟನೆ ಬರೆದಿದ್ದನ್ನ ಓದಿ ಹೇಳ್ದಾಗ ಅವರು ಕೇಳಿದ್ದು ಒಂದೇ, ಇದೂ ಲೀಡರ್‌ಶಿಪ್ಪಾ ಸಾರ್, ಆ ಹುಡುಗ ಆಮೇಲೆ ನವೋದಯ ಪರೀಕ್ಷೆ ಕಟ್ಟಿದ್ದಾನೆ ಅದನ್ನೂ ಸೇರಿಸ್ಕೊಳಿ ಅಂತ. ಸೇರಿಸ್ಲಿಲ್ಲ, ಗುರುತು ಸಿಗುತ್ತೆ ಅಂದೆ. ಸರಿ ಬಿಡಿ ಅಂತ ಗ್ಯಾಸ್‌ನವನಿಗೆ ಫೋನ್ ಮಾಡೋಕೆ ಮರದ ಕಡೆ ಹೋದ್ರು.